ಶಾಲೆಯ ಕಾಂಪೌಂಡಿನ ಆಚೆ ಈಚೆ

(ಮಲೆನಾಡಿನ ಕೆಲವು ಪಟ್ಟಣಗಳ ಸ್ಥಳೀಯ ಸಂಸ್ಥೆಗಳಲ್ಲಿ ಕಂದಾಯ ವಿಭಾಗದಲ್ಲಿದ್ದು ನಿವೃತ್ತರಾದವರೊಬ್ಬರು, ಸಾಗರದಲ್ಲಿ ಪೋಷಕರು ಮತ್ತು ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.)

ಮೊದಲು ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ನೀವು ಓದಿದ, ಅಥವಾ ಈಗ ನಿಮ್ಮ ಮಕ್ಕಳು ಓದುತ್ತಿರುವ ಸರ್ಕಾರಿ ಶಾಲೆ ನಿಂತಿದೆಯಲ್ಲ, ಆ ಜಾಗದ ಖಾತೆ ಯಾರ ಹೆಸರಲ್ಲಿದೆ? ಗೊತ್ತಿದ್ದವರು ಕೈ ಎತ್ತಿ. ಇಷ್ಟು ಜನರಲ್ಲಿ ಮೂರು ಕೈ. ಅದರಲ್ಲಿ ಒಬ್ಬರು ಗ್ರಾಮ ಆಡಳಿತಾಧಿಕಾರಿ, ಅವರನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ.

ನಿಮ್ಮ ಮನೆಯ ಖಾತೆ ಕೇಳಿದ್ದರೆ ಎಲ್ಲರೂ ಕೈ ಎತ್ತುತ್ತಿದ್ದಿರಿ. ಇ-ಖಾತೆ ಆಗಿದೆಯೋ ಇಲ್ಲವೋ, ಅಳತೆಯಲ್ಲಿ ಎಷ್ಟು ಅಡಿ ತಪ್ಪಿದೆ, ಪಕ್ಕದವರು ಎಷ್ಟು ಒತ್ತಿದ್ದಾರೆ, ಎಲ್ಲ ಬಾಯಲ್ಲೇ ಇರುತ್ತದೆ. ಶಾಲೆಯದ್ದು ಮಾತ್ರ ಗೊತ್ತಿಲ್ಲ. ಗೊತ್ತಿರಬೇಕು ಅಂತ ಅನ್ನಿಸುವುದೂ ಇಲ್ಲ. 'ಸರ್ಕಾರದ್ದು' ಅಂದರೆ ಮುಗಿಯಿತು.

ನಮ್ಮ ಸೀಮೆಯ ಹಳೆ ಶಾಲೆಗಳು ಹೇಗೆ ಹುಟ್ಟಿದವು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಊರಲ್ಲಿ ಯಾರೋ ಒಬ್ಬ ಯಜಮಾನರು 'ಮಕ್ಕಳು ಓದಲಿ' ಅಂತ ಬ್ಯಾಣದ, ಅಂದರೆ ಹುಲ್ಲುಗಾವಲಿನ, ಒಂದು ತುಂಡು ಬಿಟ್ಟುಕೊಟ್ಟರು. ಊರವರು ಮರ ಕೊಟ್ಟರು, ಹಂಚು ಹೊತ್ತರು, ಗೋಡೆ ಎದ್ದಿತು. ದಾನಪತ್ರ ಅಂತ ಕೇಳಿದರೆ ಅವತ್ತಿನ ಕಾಲಕ್ಕೆ ಅದು ಕೊಟ್ಟವರಿಗೆ ಅವಮಾನ. ಈಗ ಮೊಮ್ಮಕ್ಕಳ ಕಾಲ. ಅಡಿಕೆಗೆ ಬೆಲೆ ಬಂದಿದೆ. ಪಹಣಿಯಲ್ಲಿ ಅಜ್ಜನ ಹೆಸರೇ ಕೂತಿದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಬೇಲಿ ಹೊಸದಾಗಿ ಹಾಕುವಾಗ ಒಂದು ಮೊಳ ಶಾಲೆಯ ಕಡೆಗೆ ಸರಿಯುತ್ತದೆ. ಹೆಡ್‌ಮಾಸ್ತರರಿಗೆ ಗೊತ್ತಾಗುವುದಿಲ್ಲ, ಅವರು ಬಂದು ಎರಡು ವರ್ಷ ಆಗಿರುತ್ತದೆ, ವರ್ಗಾವಣೆಯ ಕೌನ್ಸೆಲಿಂಗಿಗೆ ಕಾಯುತ್ತಿರುತ್ತಾರೆ. ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ದಿನಾ ಆ ದಾರಿಯಲ್ಲಿ ಹಾಲು ಹಾಕಲು ಹೋಗುವವರಿಗೆ. ನಾವು ನೀವು.

ಇನ್ನು ಕೆಲವು ಶಾಲೆಗಳದ್ದು ಬೇರೆ ಕತೆ. ಶರಾವತಿ ಮುಳುಗಡೆಯಾಗಿ ಎದ್ದು ಬಂದವರ ಊರುಗಳು ಈ ತಾಲ್ಲೂಕಿನಲ್ಲಿ, ಹೊಸನಗರದಲ್ಲಿ, ಶಿವಮೊಗ್ಗದ ಸುತ್ತ ಎಷ್ಟಿವೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿಯುವ ಹೊತ್ತಿಗೆ ಅವರನ್ನು ತಂದು ಬಿಟ್ಟ ಜಾಗ ಎಷ್ಟೋ ಕಡೆ ದಾಖಲೆಯಲ್ಲಿ ಇನ್ನೂ ಕಾಡೇ. ಮನೆ ಕಾಡಿನಲ್ಲಿ, ತೋಟ ಕಾಡಿನಲ್ಲಿ, ಹಾಗಾಗಿ ಶಾಲೆಯೂ ಕಾಡಿನಲ್ಲಿ. ಹೊಸ ಕೊಠಡಿ ಮಂಜೂರಾಗುತ್ತದೆ, ಪಾಯ ತೆಗೆಯಲು ಹೋದರೆ ಅರಣ್ಯ ಇಲಾಖೆಯವರು ಬಂದು ನಿಲ್ಲಿಸುತ್ತಾರೆ. ಹಣ ವಾಪಸು ಹೋಗುತ್ತದೆ. ಊರವರು ಗಾರ್ಡನನ್ನು ಬಯ್ಯುತ್ತಾರೆ. ಪಾಪ, ಗಾರ್ಡ್ ಏನು ಮಾಡುತ್ತಾನೆ?

ಆದರೆ ಅದಕ್ಕೊಂದು ದಾರಿ ಕಾನೂನಿನಲ್ಲೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಅಂದರೆ ನಾವು ಪಟ್ಟಾ ಅರ್ಜಿ ಅಂತಲೇ ತಿಳಿದುಕೊಂಡಿದ್ದೇವೆ. ಅದರ 3ನೇ ಕಲಮಿನ 2ನೇ ಉಪಕಲಮು ಓದಿ. ಸರ್ಕಾರ ನಡೆಸುವ ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಇಂಥವುಗಳಿಗೆ ಒಂದೊಂದಕ್ಕೂ 1 ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಮೀನು ಕೊಡಬಹುದು, ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯುವಂತಿಲ್ಲ. ಅದಕ್ಕೆ ಬೇಕಾದ್ದು ಗ್ರಾಮಸಭೆಯ ಶಿಫಾರಸು. ಮಂತ್ರಿಯ ಶಿಫಾರಸಲ್ಲ, ಶಾಸಕರ ಪತ್ರವಲ್ಲ. ಗ್ರಾಮಸಭೆ ಅಂದರೆ ಯಾರು? ಆ ಊರಿನ ವಯಸ್ಕರೆಲ್ಲರೂ. ಸಭೆಗೆ ಜನ ಸೇರಬೇಕು, ಠರಾವು ಆಗಬೇಕು, ನಡವಳಿ ಪುಸ್ತಕದಲ್ಲಿ ಬರೆಯಬೇಕು. ಕೊಠಡಿ ನಿಂತುಹೋದ ಊರುಗಳಲ್ಲಿ ನಾನು ಮೊದಲು ಕೇಳುವುದು ಇದನ್ನೇ: ಠರಾವು ಆಗಿದೆಯೇ? 'ಎಂಥ ಠರಾವು ಮಾರಾಯ್ರೆ, ಎಂಎಲ್‌ಎಗೆ ಹೇಳಿದ್ದೀವಲ್ಲ' ಅನ್ನುತ್ತಾರೆ.

ಈಗ ಊರು ಬಿಟ್ಟು ಪಟ್ಟಣಕ್ಕೆ ಬರೋಣ. ನನ್ನ ಮಾತಿನ ಹೂರಣ ಇರುವುದು ಇಲ್ಲಿ.

ಹಳ್ಳಿಯಲ್ಲಿದ್ದವರಿಗೆ ಗ್ರಾಮಸಭೆ, ವಾರ್ಡ್ ಸಭೆ ಇವೆ. ಸರಿಯಾಗಿ ನಡೆಯುತ್ತವೆಯೋ ಇಲ್ಲವೋ ಬೇರೆ ಪ್ರಶ್ನೆ, ಕಾನೂನಿನಲ್ಲಂತೂ ಇವೆ. ದೊಡ್ಡ ನಗರದಲ್ಲಿದ್ದವರಿಗೆ ವಾರ್ಡ್ ಸಮಿತಿ. ಸಂವಿಧಾನದ 74ನೇ ತಿದ್ದುಪಡಿ ಬಂತಲ್ಲ, ಅದರ 243ಎಸ್ ವಿಧಿ ಮೂರು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅನ್ನುತ್ತದೆ. ನಮ್ಮ ಜಿಲ್ಲೆಯಲ್ಲಿ 2011ರ ಜನಗಣತಿ ಪ್ರಕಾರ ಆ ಗೆರೆ ದಾಟಿದ್ದು ಶಿವಮೊಗ್ಗ ಒಂದೇ. ಸಾಗರ, ಶಿಕಾರಿಪುರ, ತೀರ್ಥಹಳ್ಳಿ, ಹೊಸನಗರ, ಸೊರಬ ಇವೆಲ್ಲ ನಡುವಿನ ಊರುಗಳು. ಹಳ್ಳಿಯೂ ಅಲ್ಲ, ಮೂರು ಲಕ್ಷವೂ ಇಲ್ಲ. ಇಲ್ಲಿನ ನಿವಾಸಿ ಕೂತು ಮಾತಾಡಲೇಬೇಕಾದ ಒಂದು ಸಭೆಯನ್ನು ಸಂವಿಧಾನ ಕಡ್ಡಾಯ ಮಾಡಿಲ್ಲ. ಐದು ವರ್ಷಕ್ಕೊಮ್ಮೆ ವೋಟು ಹಾಕಿ ಬಂದರೆ ಆಮೇಲೆ ಅವನಿಗೆ ಪುರಸಭೆಯಲ್ಲಿ ಕೆಲಸ ಇರುವುದು ಕಂದಾಯ ಕಟ್ಟಲು, ಇಲ್ಲ ಜನನ ಪ್ರಮಾಣಪತ್ರಕ್ಕೆ.

ಇದೇ ಗೆರೆ ಶಾಲೆಗಳನ್ನೂ ಸೀಳಿಕೊಂಡು ಹೋಗುತ್ತದೆ. ಪಟ್ಟಣದ ಗಡಿಯ ಆಚೆ ಪಂಚಾಯಿತಿಯಲ್ಲಿರುವ ಶಾಲೆಗೆ ಉದ್ಯೋಗ ಖಾತ್ರಿಯಲ್ಲಿ ಕಾಂಪೌಂಡ್ ಆಯಿತು, ಆಟದ ಮೈದಾನ ಆಯಿತು, ಕೈತೋಟ ಆಯಿತು. ಗಡಿಯ ಈಚೆ, ಒಂದು ಫರ್ಲಾಂಗು ಒಳಗಿರುವ ಶಾಲೆಗೆ ಆ ಹಣ ಬರುವುದಿಲ್ಲ, ಯಾಕೆಂದರೆ ಆ ಯೋಜನೆ ಗ್ರಾಮೀಣ ಪ್ರದೇಶಕ್ಕೆ. ಹಳ್ಳಿಯ ಮಕ್ಕಳಿಗೆ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಅಂತ ನಡೆಯುತ್ತದೆ. ಅಲ್ಲಿ ಐದನೇ ಕ್ಲಾಸಿನ ಹುಡುಗಿ ಎದ್ದು ನಿಂತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮುಖ ನೋಡಿಕೊಂಡು 'ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ' ಅನ್ನುತ್ತಾಳೆ. ಪಟ್ಟಣದ ಶಾಲೆಗಳಲ್ಲಿ ಅಂಥ ಸಭೆಯ ರೂಢಿ ಇಲ್ಲ. ಪಟ್ಟಣ ಅಂದರೆ ಎಲ್ಲ ಅನುಕೂಲ ಇದೆ ಅಂತ ಹೊರಗಿನವರ ಎಣಿಕೆ. ಒಳಗಿದ್ದು ನೋಡಿದವನು ನಾನು.

ನಾನು ಕೆಲಸ ಮಾಡಿದ ಒಂದು ಊರಿನ ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ. ಅಲ್ಲಿ ಇಳಿಜಾರಿನ ತುದಿಗೆ ಒಂದು ಹಿರಿಯ ಪ್ರಾಥಮಿಕ ಶಾಲೆ. ಮೇಲಿನ ಬೀದಿಗಳ ಚರಂಡಿ ಶಾಲೆಯ ಗೇಟಿನ ಹತ್ತಿರ ಬಂದು ಕೊನೆಯಾಗುತ್ತಿತ್ತು. ಕೊನೆಯಾಗುತ್ತಿತ್ತು ಅಂದರೆ ಅಲ್ಲಿಗೆ ಕಾಂಕ್ರೀಟು ಮುಗಿದಿತ್ತು, ನೀರು ಮುಗಿದಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರಿನ ತನಕ ಅಂಗಳ ಕೆರೆ. ಬೆಳಿಗ್ಗೆ ಪ್ರಾರ್ಥನೆ ಜಗಲಿಯ ಮೇಲೆ, ಮಧ್ಯಾಹ್ನ ಬಿಸಿಯೂಟದ ತಟ್ಟೆ ಹಿಡಿದುಕೊಂಡು ಮಕ್ಕಳು ಗೋಡೆಗೆ ಒರಗಿ ನಿಲ್ಲಬೇಕು. ಮೇಷ್ಟ್ರು ಸುಮ್ಮನೆ ಕೂತವರಲ್ಲ. ಪತ್ರದ ಮೇಲೆ ಪತ್ರ ಬರೆದರು. ಯಾರಿಗೆ? ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಮುಖಾಂತರ ಬಿಇಒಗೆ. ಬಿಇಒ ಅದನ್ನು ಮೇಲಕ್ಕೆ ಕಳಿಸಿದರು. ಆ ಪತ್ರಗಳು ಶಿಕ್ಷಣ ಇಲಾಖೆಯ ಮೆಟ್ಟಿಲು ಹತ್ತುತ್ತ ಹೋದವು. ಚರಂಡಿ ಇದ್ದದ್ದು ನಮ್ಮದು, ಪಟ್ಟಣ ಪಂಚಾಯಿತಿಯದ್ದು. ನಮ್ಮ ಕಚೇರಿಗೂ ಆ ಶಾಲೆಗೂ ನಡುವೆ ಒಂದು ರಸ್ತೆ ಅಷ್ಟೇ. ನಮ್ಮ ಟಪಾಲಿನಲ್ಲಿ ಆ ಪತ್ರ ಒಂದೂ ಇರಲಿಲ್ಲ.

ಮೇಷ್ಟ್ರ ತಪ್ಪಲ್ಲ. ಸರ್ಕಾರಿ ನೌಕರ ತನ್ನ ಇಲಾಖೆ ದಾಟಿ ಇನ್ನೊಂದು ಕಚೇರಿಯ ಸಭೆಗೆ ಹೋಗಿ ಕೂಗಾಡಲಾರ. ನಮ್ಮ ಜೂನಿಯರ್ ಇಂಜಿನಿಯರ್ (ಜೆಇ) ತಪ್ಪೂ ಅಲ್ಲ, ಅವರ ನಕ್ಷೆಯಲ್ಲಿ ಚರಂಡಿ 'ಪೂರ್ಣಗೊಂಡಿದೆ' ಅಂತಿತ್ತು. ಆ ವರ್ಷ ಬಜೆಟ್ ಪೂರ್ವಭಾವಿ ಸಭೆ ಕರೆದಿದ್ದೆವು. ಈ ಸಭೆ ಬಗ್ಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳು ಮಾರ್ಚ್ ಒಳಗೆ ಮುಂದಿನ ವರ್ಷದ ಆಯವ್ಯಯ ಮಂಡಿಸಬೇಕು. ಅದಕ್ಕೆ ಮುಂಚೆ ಸಾರ್ವಜನಿಕರನ್ನು ಕರೆದು ಸಲಹೆ ಕೇಳುತ್ತಾರೆ. ಪೇಪರಿನಲ್ಲಿ ಒಂದು ಸಣ್ಣ ಪ್ರಕಟಣೆ, ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ. ಬರುವವರು ಯಾರು ಅಂದರೆ ಕೆಲವು ಗುತ್ತಿಗೆದಾರರು, ಪತ್ರಕರ್ತರು, ನನ್ನ ಹಾಗೆ ನಿವೃತ್ತರಾದವರು ನಾಲ್ಕು ಜನ. ಮಂಡಕ್ಕಿ, ಟೀ ಆಗುತ್ತದೆ, 'ಬೀದಿದೀಪ ಸರಿಯಿಲ್ಲ' ಅಂತ ಒಬ್ಬರು ಹೇಳುತ್ತಾರೆ, ವಂದನಾರ್ಪಣೆ.

ಆ ಸಲ ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದು ನಿಂತರು. ಬಟ್ಟೆ ಹೊಲಿದು ಸಂಸಾರ ನಡೆಸುವವರು, ಇಬ್ಬರು ಮಕ್ಕಳು ಆ ಶಾಲೆಯಲ್ಲಿ. ಎಸ್‌ಡಿಎಂಸಿ, ಅಂದರೆ ಶಾಲೆಯ ಪೋಷಕರ ಸಮಿತಿಯ ಸದಸ್ಯೆ. ಮಗನ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಮೇಲಿನ ಬೀದಿ, ಚರಂಡಿ, ಗೇಟು, ಅಂಗಳ ಎಲ್ಲ ಬರೆದುಕೊಂಡು ಬಂದಿದ್ದರು. ದರ್ಜಿ ಕೆಲಸದವರಲ್ಲವೇ, ಗೆರೆ ನೇರ ಇತ್ತು. 'ಸಾರ್, ನೀರು ಬರೋದು ನಿಮ್ಮ ಚರಂಡಿಯಿಂದ, ನಿಲ್ಲೋದು ನಮ್ಮ ಮಕ್ಕಳ ಕಾಲಡಿ. ಇದು ಯಾರ ಕೆಲಸ ಅಂತ ಮಾತ್ರ ಹೇಳಿಬಿಡಿ' ಅಂದರು. ಮುಖ್ಯಾಧಿಕಾರಿ ಜೆಇ ಮುಖ ನೋಡಿದರು. ನಡವಳಿಯಲ್ಲಿ ಬರೆಸಿದರು. ಕ್ರಿಯಾಯೋಜನೆಗೆ ಸೇರಿತು, ಅಂದಾಜುಪಟ್ಟಿ ಆಯಿತು, ಟೆಂಡರ್ ಆಯಿತು. ಇಷ್ಟೆಲ್ಲ ಆಗುವುದರೊಳಗೆ ಇನ್ನೊಂದು ಮಳೆಗಾಲ ಹೋಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಚರಂಡಿ ಶಾಲೆಯ ಬೆನ್ನಿಗೆ ಸುತ್ತಿಕೊಂಡು ಹಳ್ಳಕ್ಕೆ ಸೇರಿತು.

ಇದರಲ್ಲಿ ಆ ಅಕ್ಕನ ಧೈರ್ಯವನ್ನಷ್ಟೇ ನೋಡಬೇಡಿ. ಅವರು ಯಾವ ಇಲಾಖೆಗೂ ಸೇರಿದವರಲ್ಲ, ಅದೇ ಅವರ ಬಲ. ಶಾಲೆಯ ಒಳಗಿನದ್ದು ಶಿಕ್ಷಣ ಇಲಾಖೆ, ಗೇಟಿನ ಹೊರಗಿನ ಚರಂಡಿ, ಕಸ, ಬೀದಿನಾಯಿ, ಬೀದಿದೀಪ ಪುರಸಭೆ, ಎದುರಿನ ರಸ್ತೆ ಲೋಕೋಪಯೋಗಿ, ಮೇಲೆ ತೂಗುವ ತಂತಿ ಮೆಸ್ಕಾಂ. ಒಂದು ಮಗು ಮನೆಯಿಂದ ಶಾಲೆಗೆ ನಡೆದು ಹೋಗುವಷ್ಟರಲ್ಲಿ ನಾಲ್ಕು ಇಲಾಖೆ ದಾಟುತ್ತದೆ. ಆ ದಾರಿಯನ್ನು ಪೂರ್ತಿ ನೋಡುವವರು ಅಪ್ಪ ಅಮ್ಮ ಮತ್ತು ದಾರಿಬದಿಯ ಮನೆಯವರು ಮಾತ್ರ.

ಗೇಟಿನ ಹೊರಗೆ ಅಂದಾಗ ನೆನಪಾಯಿತು. ಶಿಕ್ಷಣ ಸಂಸ್ಥೆಯ ಸುತ್ತ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಅಂತ 2003ರ ಕಾಯ್ದೆ. ಗೋಡೆಯ ಮೇಲೆ ಬರೆದೂ ಇರುತ್ತದೆ, ಆ ಬರಹಕ್ಕೆ ಒರಗಿಕೊಂಡೇ ಗೂಡಂಗಡಿ ಇರುತ್ತದೆ. ಅಂಗಡಿಗೆ ಉದ್ದಿಮೆ ಪರವಾನಗಿ ಕೊಡುವುದು ಸ್ಥಳೀಯ ಸಂಸ್ಥೆ. ಅಡಿಕೆ ಬೆಳೆಯುವ ಊರಲ್ಲಿ ಗುಟ್ಕಾ ವಿಷಯ ಎತ್ತಿದರೆ ಸಭೆಯಲ್ಲಿ ಎಲ್ಲರೂ ಚಾವಣಿ ನೋಡುತ್ತಾರೆ, ಈಗ ನೀವು ನೋಡುತ್ತಿರುವ ಹಾಗೆ. ಇರಲಿ, ಮುಂದೆ ಹೋಗೋಣ.

ಎಸ್‌ಡಿಎಂಸಿ ಅಂದೆ. ಅದರ ಬಗ್ಗೆ ಸ್ವಲ್ಪ ಕೂತು ಮಾತಾಡಬೇಕು. ಮೊದಲು ಶಾಲಾ ಬೆಟರ್‌ಮೆಂಟ್ ಕಮಿಟಿ ಅಂತ ಇತ್ತು, ಊರಿನ ದೊಡ್ಡವರ ಕಮಿಟಿ. ಅವರ ಮಕ್ಕಳು ಆ ಶಾಲೆಯಲ್ಲಿ ಇರಬೇಕು ಅಂತ ಏನೂ ಇರಲಿಲ್ಲ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆ ಕೊಟ್ಟ ಶಿಫಾರಸಿನ ಮೇಲೆ 2001ರಲ್ಲಿ ನಮ್ಮ ರಾಜ್ಯ ಅದನ್ನು ಬದಲಾಯಿಸಿ, ಪೋಷಕರ ಕೈಗೆ ಕೊಟ್ಟು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಂತ ಮಾಡಿತು. ದೇಶದ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ನಮ್ಮದು ಅದಕ್ಕಿಂತ ಮುಂಚೆ. ಆ ಕಾಯ್ದೆಯ 21ನೇ ಕಲಮು ಏನು ಹೇಳುತ್ತದೆ? ಸಮಿತಿಯಲ್ಲಿ ಮುಕ್ಕಾಲು ಪಾಲಾದರೂ ಪೋಷಕರಿರಬೇಕು, ಅರ್ಧ ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಪಾಲು ಇರಬೇಕು. 22ನೇ ಕಲಮು ಶಾಲಾಭಿವೃದ್ಧಿ ಯೋಜನೆಯನ್ನು ಈ ಸಮಿತಿಯೇ ತಯಾರಿಸಬೇಕು ಅನ್ನುತ್ತದೆ. ಸರ್ಕಾರ ಕೊಡುವ ಅನುದಾನಕ್ಕೆ ಅದೇ ಆಧಾರ. ಹಣ ಬಂದರೆ ಬ್ಯಾಂಕಿನಲ್ಲಿ ಮುಖ್ಯಶಿಕ್ಷಕರ ಜೊತೆ ಸಮಿತಿ ಅಧ್ಯಕ್ಷರ ಸಹಿಯೂ ಬೇಕು.

ಕಾಗದದ ಮೇಲೆ ಇಷ್ಟು ಅಧಿಕಾರ. ನಡೆಯುವುದು ಹೇಗೆ? ಬಹಳ ಕಡೆ ನಡವಳಿ ಪುಸ್ತಕ ಮಗುವಿನ ಬ್ಯಾಗಿನಲ್ಲಿ ಮನೆಗೆ ಬರುತ್ತದೆ, ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಸಹಿ ಹಾಕುತ್ತಾಳೆ, ಮರುದಿನ ವಾಪಸು ಹೋಗುತ್ತದೆ. ಸಭೆ 'ನಡೆಯಿತು'. ಮಹಿಳಾ ಸದಸ್ಯೆಯ ಬದಲು ಗಂಡ ಬಂದು ಕೂತಿರುತ್ತಾನೆ. ಆಯ್ಕೆ ಅಂದರೆ ಎರಡು ಪಕ್ಷದವರು ಮೊದಲೇ ಕೂತು ಹಂಚಿಕೊಂಡು 'ಅವಿರೋಧ' ಅಂತ ಪೇಪರಿಗೆ ಕೊಡುತ್ತಾರೆ. ಹಾರ, ಫೋಟೋ.

ಇದಕ್ಕೆ ಪೋಷಕರನ್ನು ಬಯ್ದು ಪ್ರಯೋಜನ ಇಲ್ಲ. ಇವತ್ತು ಪಟ್ಟಣದ ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುವವರು ಯಾರು? ಮನೆ ಕಟ್ಟುವ ಕೆಲಸದವರು, ತೋಟದ ಕೆಲಸಕ್ಕೆ ಬಂದವರು, ಬಯಲುಸೀಮೆಯಿಂದ ಬಂದವರು, ಈಚೆಗೆ ಅಸ್ಸಾಮಿನಿಂದ ಬಂದವರೂ ಇದ್ದಾರೆ. ನಾವು ಸಭೆ ಇಡುವುದು ಬೆಳಿಗ್ಗೆ ಹನ್ನೊಂದಕ್ಕೆ. ಹನ್ನೊಂದಕ್ಕೆ ಬಂದರೆ ಆ ದಿನದ ಕೂಲಿ ಹೋಯಿತು. ಸಭೆಗೆ ಬಾರದ ಪೋಷಕರಿಗೆ ಆಸಕ್ತಿ ಇಲ್ಲ ಅಂತ ಬರೆದುಕೊಳ್ಳುವುದು ಸುಲಭ. ಕೆಲಸಕ್ಕೆ ರಜೆ ಇರುವ ಸಂತೆಯ ದಿನ, ಸಂಜೆ ಹೊತ್ತಿಗೆ ಸಭೆ ಇಟ್ಟ ಶಾಲೆಗಳಲ್ಲಿ ಬೆಂಚು ಸಾಲದೆ ಜನ ನಿಂತದ್ದನ್ನು ನೋಡಿದ್ದೇನೆ. ಮೇಷ್ಟ್ರುಗಳಿಗೆ ಇದು ಕಷ್ಟ, ಗೊತ್ತು. ಕೊನೆಯ ಬಸ್ಸು ಹೋಗಿಬಿಡುತ್ತದೆ. ಅದಕ್ಕೆ ಊರವರು ಒಂದು ವ್ಯವಸ್ಥೆ ಮಾಡಬೇಕು, ಬೈಕಿನಲ್ಲಿ ಬಿಟ್ಟುಬರುವಷ್ಟಾದರೂ.

ಹಾಗಾದರೆ ಮಕ್ಕಳು ಖಾಸಗಿ ಶಾಲೆಯಲ್ಲಿರುವ, ಅಥವಾ ಮಕ್ಕಳು ಬೆಂಗಳೂರು ಸೇರಿ ಮೊಮ್ಮಕ್ಕಳು ಇನ್ನೆಲ್ಲೋ ಇರುವ ನಮ್ಮಂಥವರ ಪಾತ್ರ ಏನು? ಇಲ್ಲಿ ಕೂತವರಲ್ಲಿ ಹೆಚ್ಚಿನವರು ನಾವೇ. ಬೆಳಿಗ್ಗೆ ಏಳೂವರೆಗೆ ಹಳದಿ ವ್ಯಾನು ಬಂದು ಬೀದಿಯ ಅರ್ಧ ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ನಮಗೆ ಎಸ್‌ಡಿಎಂಸಿಯಲ್ಲಿ ಓಟಿಲ್ಲ, ಇರಲೂಬಾರದು. ಹಳೆಯ ಕಮಿಟಿಯ ಕಾಲಕ್ಕೆ ವಾಪಸು ಹೋಗುವುದು ನನಗೆ ಬೇಡ. ನಮಗೆ ಬರುವುದು ದಾನ ಕೊಡುವುದು. ಪೇಂಟ್ ಹೊಡೆಸುತ್ತೇವೆ, ಕಂಪ್ಯೂಟರ್ ಕೊಡುತ್ತೇವೆ, ಶಿಲಾಫಲಕ ಹಾಕಿಸುತ್ತೇವೆ. ಬೇಡ ಅನ್ನುವುದಿಲ್ಲ. ಆದರೆ ಕಂಪ್ಯೂಟರ್ ಕೊಟ್ಟವರಲ್ಲಿ ಎಷ್ಟು ಜನ ಮರುವರ್ಷ ಹೋಗಿ ಅದರ ಮೇಲಿನ ಬಟ್ಟೆ ಎತ್ತಿ ನೋಡಿದ್ದೀರಿ? 31ರಿಂದ 100 ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣದ ಲೆಕ್ಕದಲ್ಲಿ ವರ್ಷಕ್ಕೆ ನಿಗದಿಯಾದ ಶಾಲಾನುದಾನ 25,000 ರೂಪಾಯಿ. ಬೋರ್ಡಿನ ಬಣ್ಣ, ಸೀಮೆಸುಣ್ಣ, ಸಣ್ಣಪುಟ್ಟ ರಿಪೇರಿ ಎಲ್ಲ ಅದರಲ್ಲೇ, ಅದರಲ್ಲೂ ಹತ್ತನೇ ಒಂದು ಪಾಲು ಸ್ವಚ್ಛತೆಗೆ. ನೀವು ಕೊಟ್ಟ ಕಂಪ್ಯೂಟರ್ ಕೆಟ್ಟರೆ ರಿಪೇರಿಗೆ ಅದರಲ್ಲಿ ಎಷ್ಟು ಉಳಿಯುತ್ತದೆ ನೀವೇ ಲೆಕ್ಕ ಹಾಕಿ.

ನಾವು ಮಾಡಬಹುದಾದದ್ದು ಬೇರೆ ಇದೆ. ನಮ್ಮ ಕೈಯಲ್ಲಿ ಕಂದಾಯದ ಚಲನ್ ಇದೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಅಂತ ಎಲ್ಲರೂ ಓಡಿ ಬರುತ್ತೀರಿ, ಕೌಂಟರಿನ ಹಿಂದೆ ಕೂತು ನಿಮ್ಮೆಲ್ಲರ ಮುಖ ನೋಡಿದ್ದೇನೆ. ಆ ಚಲನ್ನಿನ ಕೆಳಗಿನ ಸಾಲುಗಳನ್ನು ಓದಿದ್ದೀರಾ? ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಗ್ರಂಥಾಲಯ ಕರ ಪುರಸಭೆಯದ್ದಲ್ಲ, ವಸೂಲು ಮಾಡಿ ಗ್ರಂಥಾಲಯ ಇಲಾಖೆಗೆ ಕಟ್ಟಬೇಕಾದದ್ದು. ಎಷ್ಟು ವಸೂಲಾಯಿತು, ಎಷ್ಟು ಕಟ್ಟಿದಿರಿ, ಎಷ್ಟು ಬಾಕಿ ಇದೆ? ಈ ಮೂರು ಪ್ರಶ್ನೆ ನೀವು ಬಜೆಟ್ ಪೂರ್ವಭಾವಿ ಸಭೆಯಲ್ಲಿ ಕೇಳಿದರೆ ಲೆಕ್ಕ ವಿಭಾಗದವರು ನೀರು ಕುಡಿಯುತ್ತಾರೆ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಹತ್ತು ರೂಪಾಯಿ ಶುಲ್ಕ. ಶಾಲೆ ಬಿಟ್ಟ ಮೇಲೆ ಮಕ್ಕಳು ಕೂತು ಓದುವ ಜಾಗ ನಮ್ಮ ಪಟ್ಟಣಗಳಲ್ಲಿ ಗ್ರಂಥಾಲಯ ಬಿಟ್ಟರೆ ಇನ್ಯಾವುದಿದೆ?

ಇನ್ನೊಂದು ಸಾಲು. ಸ್ಥಳೀಯ ಸಂಸ್ಥೆಗಳ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರ ಕಲ್ಯಾಣಕ್ಕೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ ಅಂತ ತೆಗೆದಿಡಬೇಕು. ಓದುವ ಮಕ್ಕಳಿಗೆ ಶುಲ್ಕದ ನೆರವು, ಲ್ಯಾಪ್‌ಟಾಪ್ ಇವೆಲ್ಲ ಇದರಿಂದ ಕೊಡುತ್ತಾರೆ. ಅರ್ಜಿ ಕರೆಯುತ್ತಾರೆ, ನೋಟಿಸ್ ಬೋರ್ಡಿಗೆ ಹಾಕುತ್ತಾರೆ. ಆ ಬೋರ್ಡು ಕಚೇರಿಯ ಒಳಗೆ, ಗಾಜಿನ ಹಿಂದೆ, ಬೀಗ ಹಾಕಿ ಇರುತ್ತದೆ. ಯಾರಿಗೆ ಬೇಕೋ ಅವರು ಆ ಮೆಟ್ಟಿಲು ಹತ್ತುವುದೇ ಇಲ್ಲ. ಕೊನೆಯ ದಿನದ ಹೊತ್ತಿಗೆ ಬಂದ ಅರ್ಜಿಗಳು ಸದಸ್ಯರಿಗೆ ಗೊತ್ತಿರುವವರದ್ದೇ. ನಿಮ್ಮಲ್ಲಿ ಒಬ್ಬರು ಆ ನೋಟಿಸಿನ ಫೋಟೋ ಹೊಡೆದು ವಾರ್ಡಿನ ಗುಂಪಿಗೆ ಹಾಕಿದರೆ, ಓದಲು ಬಾರದ ಮನೆಗೆ ಹೋಗಿ ಬಾಯಲ್ಲಿ ಹೇಳಿದರೆ, ನೀವು ಹೊಡೆಸುವ ಪೇಂಟಿಗಿಂತ ಅದು ಹೆಚ್ಚಿನ ಕೆಲಸ. ಪೇಂಟಿಗೆ ಖರ್ಚು, ಇದಕ್ಕೆ ಖರ್ಚಿಲ್ಲ, ಶಿಲಾಫಲಕವೂ ಇಲ್ಲ.

ಈ ಕೆಲಸಗಳೆಲ್ಲ ನಮಗೆ ಬರುವುದಿಲ್ಲ ಅಂತ ಮಾತ್ರ ಹೇಳಬೇಡಿ. ಮೂರು ವರ್ಷಕ್ಕೊಮ್ಮೆ ಇದೇ ಸಾಗರದಲ್ಲಿ ಮಾರಿಕಾಂಬೆ ಜಾತ್ರೆ ಮಾಡುತ್ತೇವೆ. ಲಕ್ಷಗಟ್ಟಲೆ ಜನ ಬರುತ್ತಾರೆ. ಯಾವ ಬೀದಿಯವರು ಏನು ಮಾಡಬೇಕು, ಅಂಗಡಿ ಜಾಗದ ಹರಾಜು, ನೀರು, ನೆರಳು, ಲೆಕ್ಕಪತ್ರ, ಒಂದೊಂದಕ್ಕೂ ಒಂದೊಂದು ಸಮಿತಿ. ಒಂದು ರೂಪಾಯಿ ವ್ಯತ್ಯಾಸ ಬಂದರೆ ಸಾಮಾನ್ಯ ಸಭೆಯಲ್ಲಿ ಚಪ್ಪಲಿ ಹಾರುವುದೊಂದು ಬಾಕಿ. ಅಷ್ಟು ಕಟ್ಟುನಿಟ್ಟಾಗಿ ಲೆಕ್ಕ ಕೇಳುವ ಜನ ನಾವು. ಜಾತ್ರೆಗೆ ಒಂದು ತಾರೀಕಿದೆ, ಆ ತಾರೀಕಿಗೆ ಎಲ್ಲರೂ ಊರಿಗೆ ಬಂದೇ ಬರುತ್ತಾರೆ. ಶಾಲೆಗೆ, ಪುರಸಭೆಗೆ ತಾರೀಕಿಲ್ಲ ಅಂತ ನಾವು ತಿಳಿದುಕೊಂಡಿದ್ದೇವೆ. ಇದೆ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಗ್ರಾಮ ಪಂಚಾಯಿತಿಗಳಲ್ಲಿ ಜಮಾಬಂದಿ, ಕಳೆದ ವರ್ಷದ ಲೆಕ್ಕ ಜನರ ಮುಂದೆ ಇಡುವ ದಿನ. ಚಳಿಗಾಲದಲ್ಲಿ ಪಟ್ಟಣಗಳ ಬಜೆಟ್ ಪೂರ್ವಭಾವಿ ಸಭೆ. ಮೇ ಕೊನೆಗೆ ಶಾಲಾ ಪ್ರಾರಂಭೋತ್ಸವ. ಪ್ರಾರಂಭೋತ್ಸವಕ್ಕೆ ತೋರಣ ಕಟ್ಟಲು ಹೋಗುವ ನಾವು ಅದಕ್ಕೆ ಹದಿನೈದು ದಿನ ಮುಂಚೆ ಹೋಗಿ ಹಂಚು ಒಡೆದಿದೆಯಾ ನೋಡಿದರೆ ಜೂನ್‌ನಲ್ಲಿ ಮಕ್ಕಳ ತಲೆ ಒದ್ದೆಯಾಗುವುದಿಲ್ಲ.

ಕೂತು ಮಾತಾಡುವ ಅಭ್ಯಾಸವೂ ಈ ಸೀಮೆಗೆ ಹೊಸದಲ್ಲ. ಇಲ್ಲಿಂದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಊರವರು ಸೇರಿ ನೀನಾಸಂ ಕಟ್ಟಿದರು. ಎರಡು ವರ್ಷ ಬಿಟ್ಟು, 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಎದ್ದರು. ಶಿವಮೊಗ್ಗದ ಕರ್ನಾಟಕ ಸಂಘ 1930ರದ್ದು. ಇವನ್ನೆಲ್ಲ ಹೇಳಿ ಎದೆ ತಟ್ಟಿಕೊಳ್ಳುವುದು ನನಗೂ ಇಷ್ಟವೇ. ಆದರೆ ಇಲ್ಲಿನ ವಾರ್ಡೊಂದರಲ್ಲಿ ಕಳೆದ ಬಜೆಟ್ ಪೂರ್ವ ಸಭೆಯ ದಿನಾಂಕ ಕೇಳಿದರೆ ಯಾರಿಗೂ ಗೊತ್ತಿಲ್ಲ.

ಕಾಲುಸಂಕದ ಮಾತಾಡದೆ ಮಲೆನಾಡಿನ ಶಾಲೆಯ ಮಾತು ಮುಗಿಯುವುದಿಲ್ಲ. ಒಂದನೇ ಕ್ಲಾಸಿನಿಂದ ಐದರ ತನಕ ಮಗುವಿಗೆ ಒಂದು ಕಿಲೋಮೀಟರಿನ ಒಳಗೆ ಶಾಲೆ ಇರಬೇಕು ಅಂತ ನಿಯಮ. ಬಯಲಿನಲ್ಲಿ ಒಂದು ಕಿಲೋಮೀಟರು ಅಂದರೆ ಶಾಲೆ ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಒಂದೊಂದು ಗುಡ್ಡಕ್ಕೆ ಒಂದೊಂದು ಮನೆ, ನಡುವೆ ಹಳ್ಳ. ಬೇಸಿಗೆಯಲ್ಲಿ ಹಾರಿ ದಾಟುವ ಹಳ್ಳ ಜುಲೈನಲ್ಲಿ ಎಮ್ಮೆ ಹೊತ್ತೊಯ್ಯುತ್ತದೆ. ಅಡಿಕೆ ಮರ ಎರಡು ಅಡ್ಡ ಹಾಕಿ, ಹಿಡಿದುಕೊಳ್ಳಲು ಒಂದು ಬಳ್ಳಿ ಕಟ್ಟಿ, ಮಕ್ಕಳನ್ನು ದಾಟಿಸಿದ್ದೇವೆ. ಇದಕ್ಕೆ ಸರ್ಕಾರ ಲೋಕೋಪಯೋಗಿ ಇಲಾಖೆ ಮೂಲಕ 'ಶಾಲಾ ಸಂಪರ್ಕ ಸೇತು' ಅಂತ ಯೋಜನೆ ಮಾಡಿತು, ಹಲವು ಕಡೆ ಕಾಂಕ್ರೀಟಿನ ಸಂಕ ಬಂತು. ಬಾರದ ಕಡೆ ಯಾಕೆ ಬರಲಿಲ್ಲ ಅಂದರೆ, ಎಷ್ಟೋ ಸಲ ಆ ಹಳ್ಳ ಪಟ್ಟಿಯಲ್ಲೇ ಇರಲಿಲ್ಲ. ಎರಡು ಮನೆಯ ನಾಲ್ಕು ಮಕ್ಕಳು ದಾಟುವ ಹಳ್ಳವನ್ನು ಪಟ್ಟಿಗೆ ಸೇರಿಸುವವರು ಯಾರು? ಅಂಬಾರಗೊಡ್ಲು–ಕಳಸವಳ್ಳಿ ಸೇತುವೆಗೆ ಶರಾವತಿ ಹಿನ್ನೀರಿನ ಆಚೆಯ ಜನ ದಶಕಗಟ್ಟಲೆ ಕೇಳಿದರು, ಅದು 2025ರ ಜುಲೈನಲ್ಲಿ ತೆರೆಯಿತು. ದೊಡ್ಡ ಸೇತುವೆಗೆ ಕೇಳುವ ಬಾಯಿ ಸಾವಿರ ಇದ್ದವು. ಸಂಕಕ್ಕೆ ಆ ಎರಡು ಮನೆಯವರು ಮಾತ್ರ. ಅವರ ಜೊತೆ ಗ್ರಾಮಸಭೆಗೆ ಹೋಗಿ ಕೂರುವ ಮೂರನೆಯ ಮನೆಯವರು ಬೇಕು. ಮಳೆಗಾಲದಲ್ಲೇ ಹೋಗಿ, ಹಳ್ಳ ತುಂಬಿದಾಗಲೇ ಫೋಟೋ ತೆಗೆಯಿರಿ. ಜನವರಿಯಲ್ಲಿ ಇಂಜಿನಿಯರ್ ಬಂದು ನೋಡಿದರೆ 'ಇಲ್ಲಿ ನೀರೆಲ್ಲಿದೆ' ಅನ್ನುತ್ತಾರೆ.

ಚೀಟಿಗಳು ಬಂದಿವೆ. ಒಂದರಲ್ಲಿ ಹೀಗಿದೆ: 'ನಾವು ಶಿವಮೊಗ್ಗದವರು. ಪಾಲಿಕೆಯಲ್ಲಿ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು. ಜಿಲ್ಲಾ ಪಂಚಾಯಿತಿಯಲ್ಲೂ ಸದಸ್ಯರಿಲ್ಲ. ನಾವು ಯಾರ ಹತ್ತಿರ ಹೋಗುವುದು?' ಒಳ್ಳೆಯ ಪ್ರಶ್ನೆ. ಸಂವಿಧಾನ ಸ್ಥಳೀಯ ಸಂಸ್ಥೆಗೆ ಐದು ವರ್ಷ ಅಂದಿದೆ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂದಿದೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಹಳ್ಳಿ ಶಾಲೆಗಳ ಹಣ ಹೋಗುವ ದಾರಿಯಲ್ಲಿ ಇರುವುದು ಈ ಎರಡು ಪಂಚಾಯಿತಿಗಳೇ. ಇದು ಅನ್ಯಾಯ, ಅದಕ್ಕೆ ಬೇರೆಯೇ ಹೋರಾಟ ಬೇಕು. ಆದರೆ ಸದಸ್ಯರಿಲ್ಲ ಅಂತ ಬಜೆಟ್ ನಿಲ್ಲುವುದಿಲ್ಲ. ಆಡಳಿತಾಧಿಕಾರಿಯೂ ಬಜೆಟ್ ಮಾಡಬೇಕು, ಕ್ರಿಯಾಯೋಜನೆಗೆ ಸಹಿ ಹಾಕಬೇಕು. ಅವರ ಮುಂದೆ ಬರುವ ಕಡತದಲ್ಲಿ ನಿಮ್ಮ ಶಾಲೆಯ ಗೇಟು ಇದೆಯೋ ಇಲ್ಲವೋ ಅಷ್ಟೇ.

ಹಾಗಾಗಿ ಅರ್ಜಿ ಬರೆಯಿರಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ; ಚರಂಡಿ, ನಾಯಿ, ದೀಪ ಎಲ್ಲ ಒಂದರಲ್ಲೇ ತುಂಬಿದರೆ ಮೂರು ಶಾಖೆಯವರೂ 'ನಮ್ಮದಲ್ಲ' ಅಂತ ದಾಟಿಸುತ್ತಾರೆ. ಎಸ್‌ಡಿಎಂಸಿ ಠರಾವಿನ ಪ್ರತಿ ಜೊತೆಗಿರಲಿ. ಸಾಹೇಬರ ಕೈಗೇ ಕೊಡುತ್ತೇವೆ ಅಂತ ಬಾಗಿಲಲ್ಲಿ ಕಾಯಬೇಡಿ. ಸಾಹೇಬರ ಮೇಜಿನ ಮೇಲಿಟ್ಟ ಅರ್ಜಿ ಎಲ್ಲಿ ಹೋಗುತ್ತದೆ ಅಂತ ಅಷ್ಟು ವರ್ಷ ಒಳಗಿದ್ದ ನನಗೇ ಗೊತ್ತಾಗಿಲ್ಲ. ಟಪಾಲು ಶಾಖೆಗೆ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ನಂಬರು ಹಾಕಿಸಿಕೊಳ್ಳಿ. ಜೆರಾಕ್ಸ್ ಹಿಂದಿನ ದಿನವೇ ಮಾಡಿಸಿಟ್ಟುಕೊಳ್ಳಿ. ಕಚೇರಿ ಎದುರಿನ ಅಂಗಡಿಯಲ್ಲಿ ಹನ್ನೊಂದು ಗಂಟೆಗೆ ಸರಿಯಾಗಿ ಕರೆಂಟ್ ಹೋಗುತ್ತದೆ.